ಹಾಲೆ ಸಕ್ಕರೆ

ಚನ್ನಪಟ್ಟಣದ ಗೊಂಬೆ ಮಾಡುವವರ ಬೀದಿಗಳಲ್ಲಿ ಮರದ ಹೊಟ್ಟಿಗೆ ಯಾರೂ ಬೆಲೆ ಕಟ್ಟಿದವರಲ್ಲ. ಲೇತ್ ತಿರುಗುತ್ತದೆ, ಉಳಿ ತಾಗುತ್ತದೆ, ಹಾಲೆ ಮರದ ಕೊರಡು ಗೊಂಬೆಯೋ ಗಿಲಕಿಯೋ ಆಗುವಷ್ಟರಲ್ಲಿ ಅದರ ಅರ್ಧ ಬಿಳಿ ಸುರುಳಿಯಾಗಿ ನೆಲಕ್ಕೆ ಬಿದ್ದಿರುತ್ತದೆ. ಸಂಜೆ ಗುಡಿಸಿ ಮೂಟೆ ಕಟ್ಟಿದರೆ ಇಟ್ಟಿಗೆ ಗೂಡಿನವರು ಒಯ್ಯುತ್ತಿದ್ದರು. ಅವರು ಬರದಿದ್ದರೆ ನೀರೊಲೆಗೆ ಹೋಗುತ್ತಿತ್ತು. ಆ ಹೊಟ್ಟಿನಿಂದ ಕೂಸುಗಳಿಗೆ ಕುಡಿಸುವಂಥ ಸಕ್ಕರೆ ತೆಗೆಯಬಹುದು ಎಂದು ಮಂದಾಕಿನಿ ಬಂದು ಹೇಳಿದಾಗ ಬೀದಿಯವರು ನಗಲಿಲ್ಲ, ನಂಬಲೂ ಇಲ್ಲ. ಟೀ ಕೊಟ್ಟು ಕಳಿಸಿದರು.

ಅದು ಮುಂದೊಂದು ದಿನ, ನಮ್ಮ ಈಗಿನ ಮಕ್ಕಳು ತಾವೇ ತಂದೆತಾಯಿಗಳಾಗಿದ್ದ ಕಾಲ. ಆ ಕಾಲಕ್ಕೆ ಅದರದೇ ಒಂದು ಕಷ್ಟ ಬಂದಿತ್ತು. ಮದ್ದಿಗೆ ಬಗ್ಗದ ಸೋಂಕುಗಳು ಹೆಚ್ಚಿ, ಅವನ್ನು ಬಗ್ಗಿಸಲು ಇನ್ನೂ ಬಿರುಸಾದ ಮದ್ದುಗಳು ಬಂದು, ಆ ಮದ್ದುಗಳು ಮನುಷ್ಯರ ಕರುಳಿನಲ್ಲಿ ಸಾವಿರಾರು ವರ್ಷಗಳಿಂದ ಮನೆ ಮಾಡಿಕೊಂಡಿದ್ದ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ತೊಳೆದುಬಿಟ್ಟಿದ್ದವು. ದೊಡ್ಡವರು ಹೇಗೋ ತಡೆದುಕೊಂಡರು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಡೆಯಲಾಗಲಿಲ್ಲ. ಅವು ಹಾಲು ಕುಡಿಯುತ್ತಿದ್ದವು, ಆದರೆ ಬೆಳೆಯುತ್ತಿರಲಿಲ್ಲ. ಹೊಟ್ಟೆ ಉಬ್ಬುತ್ತಿತ್ತು, ಕೈಕಾಲು ಸಣ್ಣಗಾಗುತ್ತಿದ್ದವು. ಜನ ಅದಕ್ಕೆ ಬರಿಗರುಳು ಎಂದು ಹೆಸರಿಟ್ಟಿದ್ದರು. ವೈದ್ಯರು ಒಳ್ಳೆಯ ಸೂಕ್ಷ್ಮಜೀವಿಗಳನ್ನು ಹನಿಯಾಗಿ ಬಾಯಿಗೆ ಬಿಟ್ಟು ನೋಡಿದರು. ಅವು ಒಳಗೆ ಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ತಾಯಿಯ ಹಾಲು ಸಾಕಷ್ಟು ಸಿಕ್ಕ ಕೂಸಿನಲ್ಲಿ ಮಾತ್ರ ಕೆಲವೊಮ್ಮೆ ಬೇರೂರುತ್ತಿದ್ದವು. ಅಲ್ಲಿ ಅವಕ್ಕೆ ತಿನ್ನಲು ಏನೋ ಸಿಗುತ್ತಿತ್ತು. ಬಂದ ಅತಿಥಿಗೆ ಊಟವಿಲ್ಲದಿದ್ದರೆ ಎಷ್ಟು ದಿನ ಇದ್ದಾನು?

ಮಂದಾಕಿನಿ ಹುಡುಕುತ್ತಿದ್ದುದು ಆ ಊಟವನ್ನೇ. ಮದ್ದೂರಿನವಳು, ಮೈಸೂರಿನಲ್ಲಿ ಜೀವರಸಾಯನ ಓದಿ ಕಿಣ್ವಗಳ ಮೇಲೆ ಕೆಲಸ ಮಾಡಿದವಳು. ಮರವೆಂದರೆ ಬರೀ ನಾರಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾರಿನ ಎಳೆಗಳ ನಡುವೆ, ಅವನ್ನು ಹಿಡಿದಿಡುವಂತೆ, ಬೇರೊಂದು ಬಗೆಯ ಸಕ್ಕರೆಯ ಉದ್ದನೆಯ ಮಣಿಸರವಿರುತ್ತದೆ. ಅದಕ್ಕೆ ಕ್ಸೈಲಾನ್ ಎನ್ನುತ್ತಾರೆ. ಹೊಟ್ಟನ್ನು ನೀರಿನೊಂದಿಗೆ ಪ್ರೆಶರ್ ಕುಕ್ಕರಿನಂಥ ಉಕ್ಕಿನ ಪಾತ್ರೆಯಲ್ಲಿ ಬೇಯಿಸಿದರೆ ಈ ಸರಗಳು ಸಡಿಲವಾಗಿ ನೀರಿಗೆ ಬರುತ್ತವೆ. ಮುಂದಿನದು ಕಿಣ್ವದ ಕೆಲಸ. ಕಿಣ್ವವೆಂದರೆ ಜೀವಕೋಶ ತನಗಾಗಿ ಮಾಡಿಕೊಂಡ ಕತ್ತರಿ. ಹಳೆಯ ಕತ್ತರಿಗಳು ಸರವನ್ನು ಕಂಡಕಂಡಲ್ಲಿ ತುಂಡರಿಸಿ ಕೊನೆಗೆ ಬಿಡಿ ಮಣಿಗಳನ್ನೇ ಉಳಿಸುತ್ತಿದ್ದವು. ಬಿಡಿ ಮಣಿಯಾದರೆ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲ ಸೂಕ್ಷ್ಮಜೀವಿಗಳೂ ನುಂಗುತ್ತವೆ. ಮಂದಾಕಿನಿ ಹಲವು ವರ್ಷ ಕೂತು, ಒಂದು ಶಿಲೀಂಧ್ರದ ಕಿಣ್ವವನ್ನು ತಿದ್ದಿ ತಿದ್ದಿ, ಅದರ ಬಾಯಿ ಕಿರಿದಾಗುವಂತೆ ಮಾಡಿದ್ದಳು. ಅದು ಮೂರು ನಾಲ್ಕು ಮಣಿಗಳ ತುಣುಕಿಗೆ ಬಂದು ನಿಲ್ಲುತ್ತಿತ್ತು. ಆ ಅಳತೆಯ ತುಣುಕನ್ನು ಒಳಗೆಳೆದುಕೊಳ್ಳುವ ಬಾಗಿಲು ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಮಾತ್ರ ಇತ್ತು.

ಬೇರೆ ಮರಗಳನ್ನೂ ಅವಳು ನೋಡಿದ್ದಳು. ಹಾಲೆಯ ಮರ ಬಿಳಿ, ಮೃದು, ಅಂಟು ಕಡಿಮೆ. ಕಡಿದರೆ ಹಾಲು ಸುರಿಯುವುದರಿಂದ ಆ ಹೆಸರು. ಹಾಲಿನ ಕಹಿಯನ್ನು ಇದ್ದಲಿನಲ್ಲಿ ಸೋಸಿ ತೆಗೆಯಬಹುದಿತ್ತು. ಮೂಟೆಗಟ್ಟಲೆ ಹೊಟ್ಟು ಒಂದೇ ಊರಿನಲ್ಲಿ ಸಿಗುತ್ತಿತ್ತು. ಹಾಗಾಗಿ ಅವಳು ಚನ್ನಪಟ್ಟಣಕ್ಕೆ ಬಂದು, ಹಳೆಯ ರೇಷ್ಮೆ ಗೋದಾಮೊಂದರಲ್ಲಿ ಉಕ್ಕಿನ ಪಾತ್ರೆಗಳನ್ನು ನಿಲ್ಲಿಸಿ, ಗೊಂಬೆಯವರ ಬೀದಿಯಲ್ಲೇ ಮಹಡಿಯ ಮೇಲೊಂದು ಬಾಡಿಗೆ ಕೋಣೆ ಹಿಡಿದಳು.

ಮೊದಲ ತಿಂಗಳುಗಳಲ್ಲಿ ಕಿಣ್ವ ಕೆಲಸವನ್ನೇ ಮಾಡಲಿಲ್ಲ. ಕಾರಣ ಹುಡುಕಿದರೆ ಅರಗು. ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಮೆರುಗು ಕೊಡುವಾಗ ಅದರ ಪುಡಿ ಹೊಟ್ಟಿಗೆ ಬೀಳುತ್ತಿತ್ತು. ಅಷ್ಟು ಸಾಕಿತ್ತು ಕಿಣ್ವದ ಬಾಯಿ ಕಟ್ಟಲು. ಬಿಳಿ ಹೊಟ್ಟು ಬೇರೆ, ಬಣ್ಣದ ಹೊಟ್ಟು ಬೇರೆ ಇಡಬೇಕು ಎಂದು ಅವಳು ಮನೆಮನೆಗೆ ಹೋಗಿ ಕೇಳಿಕೊಂಡಳು. ಬೇರೆ ಇಡುವುದೆಂದರೆ ಕೆಲಸ ನಿಲ್ಲಿಸಿ ನೆಲ ಗುಡಿಸಬೇಕು. ಯಾರಿಗೂ ಪುರುಸೊತ್ತಿರಲಿಲ್ಲ. ಒಪ್ಪಿಕೊಂಡ ಮೊದಲನೆಯವಳು ಮುಬೀನಾ. ಅವಳೂ ಗಂಡ ಇದ್ರೀಸನೂ ಅಕ್ಕಪಕ್ಕದ ಎರಡು ಲೇತ್‌ಗಳಲ್ಲಿ ಕೂರುತ್ತಿದ್ದರು. ಮಕ್ಕಳಿಗೆ ಕುಡಿಸೋದು ಅಂತೀರಿ, ಹಾಗಾದ್ರೆ ಚೊಕ್ಕವಾಗೇ ಇರಬೇಕಲ್ಲ ಎಂದಷ್ಟೇ ಹೇಳಿ, ಅವಳು ಹಳೆಯ ಸೀರೆಯೊಂದನ್ನು ಲೇತ್‌ನ ಕೆಳಗೆ ಹಾಸಿದಳು. ಬಣ್ಣ ಹಚ್ಚುವ ಹೊತ್ತಿಗೆ ಅದನ್ನು ಮಡಿಸಿ ಎತ್ತಿಡುತ್ತಿದ್ದಳು. ಆಮೇಲೆ ಬೀದಿಯ ಉಳಿದ ಹೆಂಗಸರೂ ಸೀರೆ ಹಾಸಿದರು.

ಸೀರೆಯ ಹೊಟ್ಟು ಒಯ್ಯಲು ದಿನವೂ ಬಂದ ಮಂದಾಕಿನಿ ನಿಧಾನಕ್ಕೆ ಊಟಕ್ಕೂ ಕೂರತೊಡಗಿದಳು. ಮೇಡಂ ಎನ್ನುತ್ತಿದ್ದ ಮುಬೀನಾ ಅಕ್ಕ ಎನ್ನತೊಡಗಿದಳು. ಮದುವೆಯಾಗಿ ಬಹಳ ಕಾಲದ ಮೇಲೆ ಮುಬೀನಾ ಬಸುರಾದಾಗ ಆ ಸುದ್ದಿ ಅತ್ತೆಮನೆಗಿಂತ ಮೊದಲು ಮಂದಾಕಿನಿಗೆ ಗೊತ್ತಾಯಿತು.

*

ಕೂಸು ಏಳನೇ ತಿಂಗಳಿಗೆ ಬಂತು. ಬಂದ ಹಿಂದೆಯೇ ತಾಯಿಗೆ ಜ್ವರ ಏರಿತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ತಾಯಿ ಒಂದು ಮಹಡಿಯಲ್ಲಿ, ಮಗಳು ಇನ್ನೊಂದು ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಇಬ್ಬರಿಗೂ ಅದೇ ಬಿರುಸು ಮದ್ದು. ಇದ್ರೀಸ್ ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮುಬೀನಾ ಎದ್ದು ಕೂರುವಷ್ಟು ಸುಧಾರಿಸಿಕೊಳ್ಳುವ ಹೊತ್ತಿಗೆ ಎದೆಹಾಲು ಬತ್ತಿಹೋಗಿತ್ತು. ಮಗಳಿಗೆ ಮಿಸ್ಬಾ ಎಂದು ಹೆಸರಿಟ್ಟು ಮನೆಗೆ ಕರೆತಂದರು. ಮಿಸ್ಬಾ ಎಂದರೆ ದೀಪ.

ಪುಡಿ ಹಾಲನ್ನು ಮಿಸ್ಬಾ ಕುಡಿಯುತ್ತಿದ್ದಳು. ಕುಡಿದ ಮೇಲೆ ಅಳುತ್ತಿದ್ದಳು. ಅಳು ಎನ್ನಲೂ ಆಗದು, ಬೆಕ್ಕಿನ ಮರಿಯ ದನಿ. ಹೊಟ್ಟೆ ತಮಟೆಯಂತೆ ಬಿಗಿದುಕೊಳ್ಳುತ್ತಿತ್ತು. ಮೊದಲು ಹೊಲಿಸಿದ ಅಂಗಿ ವಾರಗಳು ಕಳೆದರೂ ಸಡಿಲವಾಗಿಯೇ ಇತ್ತು. ಇದ್ರೀಸ್ ಅವಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅರಗಿನ ಬಿಸಿಗೆ ಬಿರುಸಾದ ತನ್ನ ಬೆರಳುಗಳನ್ನು ತೋರಿಸಿ, ತಾಗಿದರೆ ಚರ್ಮ ಕಿತ್ತುಬಂದೀತು ಎನ್ನುತ್ತಿದ್ದ. ಭಯ ಅದಲ್ಲ ಎಂದು ಮುಬೀನಾಗೆ ಗೊತ್ತಿತ್ತು. ಹೋಗಿಬಿಡುವ ಮಗಳನ್ನು ಎತ್ತಿಕೊಂಡು ಅಭ್ಯಾಸವಾಗುವುದು ಬೇಡ ಎಂದು ಅವನು ದೂರ ಇದ್ದ.

ಮಂದಾಕಿನಿಯ ಗೋದಾಮಿನಲ್ಲಿ ಆಗ ಹಾಲೆ ಸಕ್ಕರೆ ಸಿದ್ಧವಾಗಿತ್ತು. ಅದು ನೀರಿನಂತೆ ತಿಳಿಯಾದ, ತುಸು ಸಿಹಿಯಾದ ದ್ರವ. ಇಲಿಗಳು ಕುಡಿದು ಬೆಳೆದಿದ್ದವು. ದೊಡ್ಡವರು ಕುಡಿದು ಆರೋಗ್ಯವಾಗಿದ್ದರು. ಕೂಸುಗಳ ಪರೀಕ್ಷೆಯನ್ನು ನಡೆಸುವವರು ಡಾಕ್ಟರ್ ಕಾವೇರಪ್ಪ. ವಿರಾಜಪೇಟೆಯ ಕಡೆಯವರು, ಕೂಸುಗಳ ವೈದ್ಯದಲ್ಲಿ ತಲೆ ನರೆಸಿಕೊಂಡವರು. ಬರಿಗರುಳಿನ ಕೂಸುಗಳನ್ನು ಎರಡು ಗುಂಪು ಮಾಡುವುದು. ಎಲ್ಲರಿಗೂ ಒಳ್ಳೆಯ ಸೂಕ್ಷ್ಮಜೀವಿಗಳ ಹನಿ. ಜೊತೆಗೆ ಅರ್ಧ ಕೂಸುಗಳಿಗೆ ಹಾಲೆ ಸಕ್ಕರೆ, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ರುಚಿಯ ಸಾದಾ ಸಕ್ಕರೆ ನೀರು. ಬಾಟಲಿಗಳಿಗೆ ಗುರುತಿನ ಸಂಖ್ಯೆ ಹಾಕುವವರು ಬೇರೆ ಊರಿನವರು. ಯಾವ ಕೂಸಿಗೆ ಯಾವುದು ಎಂಬುದು ತಾಯಿಗಾಗಲೀ ನರ್ಸಿಗಾಗಲೀ ಕಾವೇರಪ್ಪನವರಿಗಾಗಲೀ ಮಂದಾಕಿನಿಗಾಗಲೀ ಗೊತ್ತಿರುವುದಿಲ್ಲ.

ಎಲ್ಲ ಕೂಸುಗಳಿಗೂ ಕೊಟ್ಟರೆ ಏನು ತಪ್ಪು ಎಂದು ಮಂದಾಕಿನಿ ಶುರುವಿನಲ್ಲೇ ಕೇಳಿದ್ದಳು. ಕಾವೇರಪ್ಪ ತಾವು ಎಳೆಯ ವೈದ್ಯರಾಗಿದ್ದಾಗಿನ ಒಂದು ಸಂಗತಿ ಹೇಳಿದರು. ಆಗ ಒಂದು ಟಾನಿಕ್ಕನ್ನು ಎಲ್ಲರೂ ನಂಬಿದ್ದರು, ಅವರೂ ನಂಬಿದ್ದರು, ನಂಬಿಕೆಯಿಂದಲೇ ಎಲ್ಲ ಕೂಸುಗಳಿಗೂ ಕುಡಿಸಿದ್ದರು. ಅದು ಕೂಸುಗಳ ಯಕೃತ್ತನ್ನು ಕೆಡಿಸುತ್ತಿದೆ ಎಂದು ತಿಳಿಯಲು ಬಹಳ ತಡವಾಯಿತು. ಹೋಲಿಸಿ ನೋಡಲು ಅದನ್ನು ಕುಡಿಯದ ಕೂಸೇ ಇರಲಿಲ್ಲ. ಅಷ್ಟು ಹೇಳಿ ಅವರು ಕನ್ನಡಕ ಒರೆಸಿಕೊಂಡರು. ಮಂದಾಕಿನಿ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಮಿಸ್ಬಾಳನ್ನು ಪರೀಕ್ಷೆಗೆ ಸೇರಿಸಲು ಇದ್ರೀಸನಿಗೆ ಮನಸ್ಸಿರಲಿಲ್ಲ. ತಾನು ದಿನಾ ಗುಡಿಸುವ ಹೊಟ್ಟನ್ನು ಮಗಳಿಗೆ ಕುಡಿಸುವುದೇ ಎಂದು ಅವನ ಸಂಕಟ. ಮುಬೀನಾ ಒಪ್ಪಿಸಿದಳು. ಕಾವೇರಪ್ಪ ಇಬ್ಬರನ್ನೂ ಕೂರಿಸಿಕೊಂಡು, ಇದು ಕೊಟ್ಟೇ ಕೊಡುತ್ತೇವೆಂಬ ಮಾತಲ್ಲ, ಸಿಗಬಹುದು, ಸಿಗದೆಯೂ ಇರಬಹುದು, ಬೇಡವೆನಿಸಿದ ದಿನ ಕಾರಣ ಹೇಳದೆ ಬಿಟ್ಟುಹೋಗಬಹುದು ಎಂದು ಬಿಡಿಸಿ ಹೇಳಿದರು. ಮುಬೀನಾ ತಲೆ ಆಡಿಸಿದಳು. ಅವಳಿಗೆ ಕೇಳಿಸಿದ್ದು ಸಿಗಬಹುದು ಎಂಬ ಮಾತೊಂದೇ.

ತಪಾಸಣೆಯ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕ ಕೂರುತ್ತಿದ್ದವಳು ಮಳವಳ್ಳಿಯ ಪುಟ್ಟಗೌರಿ. ಅವಳದು ಗಂಡುಕೂಸು, ಅದೂ ದಿನ ತುಂಬದ್ದು, ಅದೂ ಪರೀಕ್ಷೆಗೆ ಸೇರಿದ್ದು. ಇಬ್ಬರೂ ಒಬ್ಬರ ಕೂಸಿನ ಕಾಲನ್ನು ಇನ್ನೊಬ್ಬರು ಮುಟ್ಟಿ ನೋಡಿ, ದಪ್ಪ ಆಗಿದೆ ಎಂದು ಸುಳ್ಳು ಹೇಳಿಕೊಳ್ಳುತ್ತಿದ್ದರು.

*

ಬೇಸಿಗೆ ಬಂತು. ಪರೀಕ್ಷೆಯ ಕೆಲವು ಕೂಸುಗಳು ಮೈದುಂಬಿಕೊಂಡವು ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹರಿದಾಡಿತು. ಮಿಸ್ಬಾ ಹಾಗೇ ಇದ್ದಳು. ಆಮೇಲೆ ಹಾಗೂ ಇರಲಿಲ್ಲ, ಇಳಿಯತೊಡಗಿದಳು. ಅಳುವುದನ್ನೂ ಕಡಿಮೆ ಮಾಡಿದಳು.

ಒಂದು ಶುಕ್ರವಾರ ಮಧ್ಯಾಹ್ನ, ಗಂಡಸರು ನಮಾಜಿಗೆ ಹೋಗಿ ಬೀದಿಯ ಲೇತ್‌ಗಳೆಲ್ಲ ನಿಂತಿದ್ದ ಹೊತ್ತಿನಲ್ಲಿ, ಮುಬೀನಾ ಗೋದಾಮಿಗೆ ಬಂದಳು. ಮಗಳು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು. ಸೆರಗಿನ ಗಂಟಿನಿಂದ ಔಷಧದ ಖಾಲಿ ಬಾಟಲಿಯೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ತಳದಲ್ಲಿ ಒಂದಷ್ಟು ಹನಿ ಉಳಿದಿತ್ತು.

"ಅಕ್ಕ, ಇದ್ರಲ್ಲಿ ಏನೈತೆ ಅಂತ ನಿಮ್ ಮಿಷನ್ನಿಗೆ ಗೊತ್ತಾಯ್ತದಲ್ವಾ?"

ಗೊತ್ತಾಗುತ್ತದೆ, ಆದರೆ ನಾನು ನೋಡಬಾರದು ಎಂದಳು ಮಂದಾಕಿನಿ. ಯಾಕೆ ನೋಡಬಾರದು ಎಂದು ವಿವರಿಸಲು ಹೊರಟಳು. ಮುಬೀನಾ ಪೂರ್ತಿ ಕೇಳಿದಳು. ವಾದ ಮಾಡಲಿಲ್ಲ.

"ನೀವು ಓದಿರೋರು, ನೀವ್ ಹೇಳಿದ್ದು ಸರಿಯೇ ಇರ್ತದೆ. ನಂಗೆ ಕೇಳದೆ ಇರಕ್ಕಾಗ್ಲಿಲ್ಲ, ಅಷ್ಟೇ."

ಬಾಟಲಿಯನ್ನು ಅಲ್ಲೇ ಬಿಟ್ಟು ಅವಳು ಹೊರಟುಹೋದಳು. ಮರೆತು ಬಿಟ್ಟಳೋ ಬೇಕೆಂದೇ ಬಿಟ್ಟಳೋ, ಅವಳಿಗೂ ಆಮೇಲೆ ನೆನಪಿರಲಿಲ್ಲ.

ಮಂದಾಕಿನಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದಳು. ಪಾತ್ರೆಯ ಬಿಸಿ ನೋಡಿದಳು, ಸೋಸುವ ಪೊರೆ ತೊಳೆದಳು, ಇದ್ದಲು ಬದಲಿಸಿದಳು. ಮಾಡಲು ಬೇರೆ ಕೆಲಸವಿಲ್ಲವಾದಾಗ ಬುಟ್ಟಿಯಿಂದ ಬಾಟಲಿಯನ್ನು ತೆಗೆದಳು.

ಆ ಪರೀಕ್ಷೆ ಬಹಳ ಸರಳ. ಬಿಳಿ ಲೇಪ ಹಚ್ಚಿದ ತೆಳುವಾದ ಗಾಜಿನ ಹಲಗೆಯ ಬುಡಕ್ಕೆ ಒಂದು ಹನಿ ಇಟ್ಟು, ದ್ರಾವಕದಲ್ಲಿ ನಿಲ್ಲಿಸಿದರೆ ಆಯಿತು. ದ್ರಾವಕ ಮೇಲೇರುವಾಗ ಸಕ್ಕರೆಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಚಿಕ್ಕದು ಮೇಲಕ್ಕೆ, ದೊಡ್ಡದು ಕೆಳಗೆ. ಆಮೇಲೆ ಕಾಯಿಸಿದರೆ ಅವು ನಿಂತ ಜಾಗದಲ್ಲಿ ಕಂದು ಮಚ್ಚೆ ಮೂಡುತ್ತದೆ. ಹಾಲೆ ಸಕ್ಕರೆಯಾದರೆ ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಮಚ್ಚೆ. ಅವಳು ಅದನ್ನು ಎಷ್ಟು ಸಲ ನೋಡಿದ್ದಳೆಂದರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಹಲಗೆ ಬಿಸಿಯಾಯಿತು. ಒಂದೇ ಒಂದು ಮಚ್ಚೆ ಮೂಡಿತು. ಇನ್ನಷ್ಟು ಕಾಯಿಸಿದಳು. ಒಂದೇ ಇತ್ತು.

ಮಿಸ್ಬಾ ಇಷ್ಟು ದಿನ ಕುಡಿಯುತ್ತಿದ್ದುದು ಸಾದಾ ಸಕ್ಕರೆ ನೀರು.

ಗೋಡೆಯ ಪಕ್ಕದ ಫ್ರಿಜ್ಜಿನಲ್ಲಿ ಅಸಲಿ ಹಾಲೆ ಸಕ್ಕರೆ ತುಂಬಿದ ಜಾಡಿಗಳಿದ್ದವು. ಅದರಲ್ಲಿ ಒಂದಷ್ಟನ್ನು ಸೀಸೆಗೆ ಬಗ್ಗಿಸಿ, ಬೀದಿ ದಾಟಿ, ಮುಬೀನಾಳ ಕೈಗೆ ಕೊಟ್ಟು ಬರಲು ಒಂದು ಟೀ ಕುಡಿಯುವಷ್ಟೂ ಹೊತ್ತು ಬೇಕಿರಲಿಲ್ಲ. ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಮಂದಾಕಿನಿ ಫ್ರಿಜ್ಜಿನ ಬಾಗಿಲು ತೆರೆದಳು. ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಹಾಗೇ ನಿಂತಳು. ಮಿಸ್ಬಾ ಬದುಕುತ್ತಾಳೆ, ಇರಬಹುದು. ಆಗ ಸಾದಾ ಸಕ್ಕರೆ ಕುಡಿದ ಗುಂಪಿನಲ್ಲೂ ಒಂದು ಕೂಸು ಚೆನ್ನಾಗಿ ಬೆಳೆಯಿತು ಎಂದಾಗುತ್ತದೆ. ಎರಡು ಗುಂಪುಗಳ ನಡುವಿನ ಅಂತರ ಅಷ್ಟು ಕುಗ್ಗುತ್ತದೆ. ಅಂತರ ಸಾಲದಾದರೆ ಹಾಲೆ ಸಕ್ಕರೆ ಪ್ರಯೋಜನವಿಲ್ಲವೆಂದು ಮೂಲೆ ಸೇರುತ್ತದೆ, ಮುಂದೆ ಹುಟ್ಟಲಿರುವ ಬರಿಗರುಳಿನ ಕೂಸುಗಳಿಗೆ ಅದು ಸಿಗುವುದೇ ಇಲ್ಲ. ಅವಳು ಪ್ರೀತಿಯಿಂದ ಕೊಟ್ಟ ಒಂದು ಸೀಸೆ, ಕಾಣದ ಎಷ್ಟೋ ಕೂಸುಗಳ ಬಾಯಿಂದ ಕಿತ್ತುಕೊಂಡಂತೆ. ಕೊಡದಿದ್ದರೆ, ಎದುರು ಮನೆಯ ಕೂಸು.

ಬಾಗಿಲು ಮುಚ್ಚಿ, ಗಾಜಿನ ಹಲಗೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಅವಳು ಮೈಸೂರಿನ ರೈಲು ಹತ್ತಿದಳು.

*

ಕಾವೇರಪ್ಪ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಸಿಟ್ಟು ಬಂದದ್ದು ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ ರೀತಿಯಲ್ಲಿ ಗೊತ್ತಾಯಿತು.

"ನೀವು ಒಂದು ಬಾಟ್ಲಿ ಕೊಟ್ಟು ಸುಮ್ಮನಿದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ" ಎಂದರು.

"ಗೊತ್ತಾಗ್ತಿರಲಿಲ್ಲ ಸರ್. ಆದ್ರೆ ನಿಮ್ಮ ಫಲಿತಾಂಶದಲ್ಲಿ ನನ್ನದೊಂದು ಸುಳ್ಳು ಸೇರ್ತಿತ್ತು."

ಅವರು ಎದ್ದು ಕಿಟಕಿಯ ಬಳಿ ನಿಂತರು. ಕೆಳಗೆ ಬೆಂಚಿನ ಮೇಲೆ ತಾಯಂದಿರು ಕಾಯುತ್ತಿದ್ದರು. ಅಲ್ಲಿಂದಲೇ ಅವರು ಇರುವ ದಾರಿಯನ್ನು ಹೇಳಿದರು. ಈಗ ತಿಳಿದಿರುವುದರಿಂದ ಮಿಸ್ಬಾ ಹೇಗೂ ಪರೀಕ್ಷೆಯಲ್ಲಿ ಮುಂದುವರಿಯುವಂತಿಲ್ಲ. ತಾಯಿತಂದೆ ಅವಳನ್ನು ಪರೀಕ್ಷೆಯಿಂದ ಹಿಂದೆ ಪಡೆದರೆ, ಬೇರೆ ಉಪಾಯವಿಲ್ಲದ ಕೂಸಿಗೆಂದು ವಿಶೇಷ ಅನುಮತಿ ಕೇಳಬಹುದು. ಕೊಡುವುದು ಬಿಡುವುದು ಪರೀಕ್ಷೆಯ ಮೇಲ್ವಿಚಾರಣೆ ನೋಡುವ ಸಮಿತಿಗೆ ಸೇರಿದ್ದು. ಆದರೆ ಸಮಿತಿ ಮೊದಲು ಕೇಳುವ ಪ್ರಶ್ನೆ, ಕೂಸಿಗೆ ಸಿಗುತ್ತಿಲ್ಲವೆಂದು ನಿಮಗೆ ಗೊತ್ತಾದದ್ದು ಹೇಗೆ ಎಂಬುದು. ಅದಕ್ಕೆ ನಿಜವನ್ನೇ ಹೇಳಬೇಕು. ನಿಜ ಹೇಳಿದ ದಿನ ಮಂದಾಕಿನಿ ಈ ಕೆಲಸದಿಂದ ಹೊರಗೆ. ಪಾತ್ರೆ, ಕಿಣ್ವ, ಗೋದಾಮು ಎಲ್ಲ ಬೇರೆಯವರ ಕೈಗೆ.

"ಯೋಚನೆ ಮಾಡಿ ಹೇಳಿ" ಎಂದರು.

"ಯೋಚನೆ ಮಾಡಿಕೊಂಡೇ ರೈಲು ಹತ್ತಿದ್ದು ಸರ್."

ಕಾವೇರಪ್ಪ ಅವಳ ಎದುರು ಬಂದು ಕೂತು, ಊಟ ಆಯಿತೇ ಎಂದು ಕೇಳಿದರು. ಆಗಿರಲಿಲ್ಲ. ಮನೆಯಿಂದ ತಂದಿದ್ದ ಡಬ್ಬಿಯನ್ನು ತೆರೆದು ಅರ್ಧ ಅವಳ ಕಡೆಗೆ ಸರಿಸಿದರು. ಇಬ್ಬರೂ ಉಂಡರು.

ಮುಬೀನಾಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮಂದಾಕಿನಿ ಅವಳ ಅಡುಗೆಮನೆಯಲ್ಲಿ ಕೂತು, ಇಷ್ಟು ದಿನ ಬಾಟಲಿಯಲ್ಲಿ ಏನಿತ್ತು ಎಂಬುದನ್ನೂ ಈಗ ಏನು ಮಾಡಬೇಕೆಂಬುದನ್ನೂ ಹೇಳಿದಳು. ತನ್ನ ಕೆಲಸ ಹೋಗುವ ಮಾತನ್ನು ಹೇಳಲಿಲ್ಲ. ಮುಬೀನಾ ಮಗಳ ಹೊಟ್ಟೆಯ ಮೇಲೆ ಎಣ್ಣೆ ಸವರುತ್ತಿದ್ದಳು. ಕೈ ನಿಲ್ಲಲಿಲ್ಲ. ಕೇಳಿದ ಪ್ರಶ್ನೆ ಮಂದಾಕಿನಿ ಎಣಿಸಿದ್ದಲ್ಲ.

"ಪುಟ್ಟಗೌರಿ ಮಗೂಗೆ?"

"ಗೊತ್ತಿಲ್ಲ ಕಣೆ. ಗೊತ್ತು ಮಾಡ್ಕೊಳ್ಳೋದೂ ಇಲ್ಲ."

ಮುಬೀನಾ ಕಣ್ಣು ಒರೆಸಿಕೊಂಡು, ಎಣ್ಣೆಯ ಕೈಯಲ್ಲೇ ಒರೆಸಿಕೊಂಡದ್ದಕ್ಕೆ ಉರಿಯುತ್ತಿದೆ ಎಂದಳು.

*

ಅನುಮತಿ ಬೇಗ ಬರಲಿಲ್ಲ. ಕಾಯುತ್ತಿದ್ದ ಆ ದಿನಗಳಲ್ಲೇ ಒಂದು ಬೆಳಗ್ಗೆ ಮಿಸ್ಬಾಳ ಮೈ ತಣ್ಣಗಾಯಿತು. ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ನರ್ಸ್ ಇದ್ರೀಸನ ಅಂಗಿ ಬಿಚ್ಚಿಸಿ, ಕೂಸನ್ನು ಅವನ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿದರು. ಮುಬೀನಾಗೆ ಮತ್ತೆ ಜ್ವರ ಸುಳಿದಿದ್ದರಿಂದ ಅವಳು ಎತ್ತಿಕೊಳ್ಳುವಂತಿರಲಿಲ್ಲ. ಇದ್ರೀಸ್ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದಿದ್ದ. ನರ್ಸ್ ಅವನ್ನು ಹಿಡಿದು ಮಗಳ ಬೆನ್ನ ಮೇಲೆ ಇಟ್ಟರು. ಆ ದಿನವೆಲ್ಲ ಅವನು ಅಲುಗಾಡಲಿಲ್ಲ. ಮರುದಿನವೂ ಅವನೇ ಕೂತ. ಮುಂದೆ ಮಗಳನ್ನು ಬೇರೆಯವರು ಎತ್ತಿಕೊಂಡರೆ, ತಲೆ ಹಿಡಿದುಕೊಳ್ಳಿ ಎಂದು ಹೇಳುವವನು ಅವನೇ ಆದ.

ಅನುಮತಿ ಬಂದಾಗ ಮಂದಾಕಿನಿ ಗೋದಾಮಿನ ಬೀಗದ ಕೈಯನ್ನು ಹೊಸದಾಗಿ ಬಂದವರಿಗೆ ಒಪ್ಪಿಸಿ ಆಗಿತ್ತು. ಹಾಲೆ ಸಕ್ಕರೆಯ ಮೊದಲ ಹನಿಗಳನ್ನು ಮಿಸ್ಬಾಳ ಬಾಯಿಗೆ ಹಾಕಿದ್ದು ಆಸ್ಪತ್ರೆಯಲ್ಲಿ, ಕಾವೇರಪ್ಪನವರ ಎದುರಿಗೆ. ಮಂದಾಕಿನಿ ಅಲ್ಲಿರುವಂತಿರಲಿಲ್ಲ. ತನ್ನ ಬಾಡಿಗೆ ಕೋಣೆಯಲ್ಲಿ ಕೂತು, ಅಕ್ಕಿಯಲ್ಲಿ ಇಲ್ಲದ ಕಲ್ಲು ಆರಿಸುತ್ತಿದ್ದಳು.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಮನೆಗೆ ಬಂದ ಮೇಲೆ ಒಂದು ಬೆಳಗ್ಗೆ ಮುಬೀನಾ ಕೆಳಗಿನಿಂದ ಕೂಗಿದಳು. ಮಂದಾಕಿನಿ ಗಾಬರಿಯಿಂದ ಇಳಿದುಬಂದರೆ, ಅವಳು ಮಗಳ ಕಕ್ಕದ ಬಟ್ಟೆಯನ್ನು ಮುಖಕ್ಕೇ ಹಿಡಿದಳು.

"ಮೂಸಿ ನೋಡಿ ಅಕ್ಕ. ನಾತ ಹೋಗೈತೆ."

ಹೌದು, ಇಷ್ಟು ದಿನದ ಕೊಳೆತ ವಾಸನೆ ಇರಲಿಲ್ಲ. ಮೊಸರು ಹುಳಿಯಾದಂಥ ಸಣ್ಣ ವಾಸನೆ ಇತ್ತು. ತಾಯಿಹಾಲು ಕುಡಿದು ಬೆಳೆಯುವ ಕೂಸುಗಳ ಬಟ್ಟೆಯಲ್ಲಿ ಇರುವ ವಾಸನೆ. ಒಳ್ಳೆಯ ಸೂಕ್ಷ್ಮಜೀವಿಗಳು ಸಕ್ಕರೆಯ ತುಣುಕು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಕೆಟ್ಟವು ನಿಲ್ಲುವುದಿಲ್ಲ ಎಂದು ಮಂದಾಕಿನಿ ಎಷ್ಟೋ ಸಭೆಗಳಲ್ಲಿ ಚಿತ್ರ ತೋರಿಸಿ ಹೇಳಿದ್ದಳು. ಈಗ ಆ ಬಟ್ಟೆಯನ್ನು ಮೂಸಿ, ಮತ್ತೊಮ್ಮೆ ಮೂಸಿ, ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಮುಬೀನಾ ಪಕ್ಕದಲ್ಲಿ ಕೂತು ನಗುತ್ತಿದ್ದಳು.

ಮಂದಾಕಿನಿಯ ಕೆಲಸ ಹೋದ ಸಂಗತಿ ಬೀದಿಗೆ ತಿಳಿದದ್ದು ಅವಳ ಜಾಗಕ್ಕೆ ಬಂದವರು ಹೊಟ್ಟು ಒಯ್ಯಲು ಬಂದಾಗ. ಅವಳು ಊರು ಬಿಡಲು ಸಾಮಾನು ಕಟ್ಟುತ್ತಿದ್ದಳು. ಇದ್ರೀಸ್ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಹೆಚ್ಚು ಮಾತಿನವನಲ್ಲ.

"ನೀವ್ ಮಾಡಿದ್ದು ತಪ್ಪು ಅಂತಾರೆ. ಇರ್ಬೋದು, ನಂಗೆ ಅಷ್ಟು ಗೊತ್ತಾಗಲ್ಲ" ಎಂದ. ಕಟ್ಟಿದ್ದ ಪೆಟ್ಟಿಗೆಯ ಹಗ್ಗವನ್ನು ಬಿಚ್ಚತೊಡಗಿದ. "ಈ ಬೀದೀಲಿ ನಿಮ್ಮನ್ನ ಹೋಗಿ ಅಂದೋರು ಯಾರೂ ಇಲ್ಲ ಅಕ್ಕ. ಮುಬೀನಾ ಸಾರು ಮಾಡವ್ಳೆ, ಬನ್ನಿ."

ಅವಳು ಉಳಿದಳು. ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಗೋದಾಮಿನ ಮುಂದೆ ಹಾದುಹೋಗುವಾಗ ಹೊಟ್ಟು ಬೇಯುವ ವಾಸನೆ ಬರುತ್ತಿತ್ತು. ಮೊದಮೊದಲು ಅವಳು ಆ ದಾರಿ ತಪ್ಪಿಸಿ ಸುತ್ತಿ ಹೋಗುತ್ತಿದ್ದಳು, ಆಮೇಲೆ ಅದರ ಮುಂದೆಯೇ ಹೋದಳು.

*

ಪರೀಕ್ಷೆ ಮುಗಿದು ಫಲಿತಾಂಶ ಹೊರಬಂದಾಗ ಮಿಸ್ಬಾ ಗೋಡೆ ಹಿಡಿದು ನಡೆಯುತ್ತಿದ್ದಳು. ಹಾಲೆ ಸಕ್ಕರೆ ಕುಡಿದ ಕೂಸುಗಳಲ್ಲಿ ಹೆಚ್ಚಿನವು ಬೆಳೆದಿದ್ದವು, ಸಾದಾ ಸಕ್ಕರೆಯವುಗಳಲ್ಲಿ ಹೆಚ್ಚಿನವು ಬೆಳೆದಿರಲಿಲ್ಲ. ಎರಡೂ ಕಡೆ ಕೆಲವು ಉಳಿದಿರಲಿಲ್ಲ. ಅಂತರ ಸ್ಪಷ್ಟವಾಗಿತ್ತು. ಇನ್ನು ಮುಂದೆ ಬರಿಗರುಳಿನ ಎಲ್ಲ ಕೂಸುಗಳಿಗೂ ಕೊಡಬಹುದು ಎಂದು ತೀರ್ಮಾನವಾಯಿತು. ಫಲಿತಾಂಶದ ವರದಿಯನ್ನು ಕಾವೇರಪ್ಪನವರೇ ಮುಬೀನಾಳ ಮನೆಗೆ ತಂದುಕೊಟ್ಟರು. ಒಂದು ಕೂಸನ್ನು ನಡುವೆ ಹಿಂದೆ ಪಡೆಯಲಾಗಿದ್ದು, ಅದನ್ನು ಎಣಿಕೆಗೆ ತೆಗೆದುಕೊಂಡಿಲ್ಲ ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಆ ಎಣಿಕೆಗೆ ಬಾರದ ಕೂಸು ಆ ಹೊತ್ತಿನಲ್ಲಿ ಡಾಕ್ಟರರ ಚಪ್ಪಲಿಯನ್ನು ಎಳೆದುಕೊಂಡು ಹೋಗುತ್ತಿತ್ತು.

ಬಾಟಲಿಗಳ ಮೇಲಿನ ಸಂಖ್ಯೆಗಳ ಅರ್ಥ ಬಯಲಾದ ಮೇಲೆ ಪುಟ್ಟಗೌರಿಯ ಮಗನ ವಿಷಯವೂ ತಿಳಿಯಿತು. ಅವನಿಗೆ ಸಿಕ್ಕಿದ್ದು ಸಾದಾ ಸಕ್ಕರೆ. ಹೇಗೋ ಜೀವ ಹಿಡಿದುಕೊಂಡಿದ್ದ. ಮುಬೀನಾ ಆ ದಿನ ಊಟ ಬಿಟ್ಟಳು. ಮರುದಿನ ಪುಟ್ಟಗೌರಿಗೆ ಫೋನು ಮಾಡಿ, ಮನೆಗೆ ಬಾ ಎಂದು ಕರೆದಳು.

ಪುಟ್ಟಗೌರಿ ಭಾನುವಾರ ಬಂದಳು. ಮಗ ಅವಳ ಸೊಂಟದ ಮೇಲೆ ಹಕ್ಕಿಯಷ್ಟೇ ಹಗುರವಾಗಿ ಕೂತಿದ್ದ. ಕಣ್ಣು ಮಾತ್ರ ದೊಡ್ಡವು. ಮಿಸ್ಬಾ ಅವನ ಕಾಲು ಹಿಡಿದು ಎಳೆದಳು. ಮುಬೀನಾ ಪುಟ್ಟಗೌರಿಯನ್ನು ಕೂರಿಸಿ, ನೀರು ಕೊಟ್ಟು, ಬಾಟಲಿಯನ್ನು ಗೋದಾಮಿಗೆ ಒಯ್ದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಂದಾಕಿನಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಬೈದರೆ ಬೈಸಿಕೊಳ್ಳಬೇಕೆಂದೇ ನಿಂತಿದ್ದಳು.

ಪುಟ್ಟಗೌರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರನ್ನು ನೋಡುತ್ತಾ ಕೂತಿದ್ದಳು.

"ನಾನೂ ಬಾಟ್ಲಿ ತಕ್ಕೊಂಡ್ ಹೋಗ್ತಿದ್ದೆ ಕಣಕ್ಕ" ಎಂದಳು ಕೊನೆಗೆ. "ನಂಗೆ ಯಾರೂ ಗೊತ್ತಿರ್ಲಿಲ್ಲ, ಅಷ್ಟೇಯ."

ಹೊರಗೆ ಯಾರದೋ ಲೇತ್ ತಿರುಗಲು ಶುರುವಾಯಿತು. ಪುಟ್ಟಗೌರಿ ಎದ್ದು ಬಂದು, ಮಗನನ್ನು ಮಂದಾಕಿನಿಯ ತೋಳಿಗೆ ಕೊಟ್ಟಳು. ಚೀಲದಿಂದ ಆಸ್ಪತ್ರೆಯವರು ಕೊಟ್ಟ ಬಾಟಲಿ ತೆಗೆದಳು. ಈಗ ಅದರ ಮೇಲೆ ಸಂಖ್ಯೆಯಿರಲಿಲ್ಲ, ಹಾಲೆ ಸಕ್ಕರೆ ಎಂದೇ ಅಚ್ಚಾಗಿತ್ತು.

"ಇವತ್ತಿಂದು ಇನ್ನೂ ಕುಡ್ಸಿಲ್ಲ. ನೀವೇ ಕುಡ್ಸಿ."

ಅಷ್ಟು ವರ್ಷ ಅದನ್ನು ಬೇಯಿಸಿ, ಕತ್ತರಿಸಿ, ಸೋಸಿ, ಅಳೆದು ಜಾಡಿಗಳಿಗೆ ತುಂಬಿದ್ದ ಮಂದಾಕಿನಿ ಒಂದು ಕೂಸಿನ ಬಾಯಿಗೂ ತನ್ನ ಕೈಯಾರೆ ಹಾಕಿರಲಿಲ್ಲ. ಅವಳು ನೆಲದ ಮೇಲೆ ಕೂತು, ಅವನ ತಲೆಯನ್ನು ಮೊಣಕೈಯ ಮಡಿಕೆಯಲ್ಲಿಟ್ಟುಕೊಂಡಳು. ಹಿಂದಿನಿಂದ ಇದ್ರೀಸ್, ತಲೆ ಸ್ವಲ್ಪ ಎತ್ತಿ ಹಿಡ್ಕೊಳಿ ಎಂದ. ಅವಳು ಎತ್ತಿ ಹಿಡಿದಳು. ಚಮಚವನ್ನು ಅವನ ಬಾಯಿಗಿಟ್ಟಳು. ಹುಡುಗ ರುಚಿಗೆ ಮುಖ ಸೊಟ್ಟ ಮಾಡಿ, ಅವಳನ್ನೇ ದಿಟ್ಟಿಸಿ ನೋಡಿ, ನುಂಗಿದ. ಆಮೇಲೆ ಮತ್ತೆ ಬಾಯಿ ತೆರೆದ.